ಕತ್ತಿನ ಮೇಲೆ ಒಂಬತ್ತು ಒತ್ತು

ಆ ಫಿಸಿಯೋಥೆರಪಿಸ್ಟಳ ಬೆರಳುಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಆಕೆ ಒಮ್ಮೆ ಒತ್ತಿದರೆ ಎಂಬತ್ತು ವರ್ಷದ ಮೊಣಕಾಲು ಎದ್ದು ಓಡುತ್ತಿತ್ತು. ಮೊಣಕಾಲಿನ ಯಜಮಾನ ಏದುಸಿರು ಬಿಡುತ್ತಾ ಹಿಂದಿನಿಂದ ಬರಬೇಕಿತ್ತು. ಆಕೆಯ ನಾಲಗೆ ಮಾತ್ರ ಮರದ ಹಲಗೆ. ದೂರದೇಶದ ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು. ಆದರೆ ಮೊದಲು ಒಂದು ಪರೀಕ್ಷೆ: ಅಂಗಾಂಗಗಳ ಫ್ರೆಂಚ್ ಗುಣವಾಚಕಗಳನ್ನು ಒಂದೊಂದು ಉಚ್ಚಾರಾಂಶವಾಗಿ ಬಿಡಿಸಿ ಹೇಳಬೇಕು. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಮೂರನೆಯದೇ ಕೊನೆಯದು.

ಎರಡು ಸಲವೂ ಕಾಲೆಳೆದದ್ದು ಒಂದೇ ಪದ. ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಕತ್ತಿನ ಸ್ನಾಯುವಿನದು: ಸ್ತೆರ್ನೋಕ್ಲೇಇದೋಮಾಸ್ತೋಇದ್ಯಾಂ. ಪದದ ತಲೆ ತುಟಿ ದಾಟುವಾಗ ಬಾಲ ಇನ್ನೂ ಹೊಟ್ಟೆಯಲ್ಲೇ ಇರುತ್ತಿತ್ತು.

ದಾರಿ ತೋರಿಸಿದ್ದು ಸೋದರಮಾವನ ಕತ್ತು. ಮಾವ ದರ್ಜಿ, ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ, ಅವನು ಆಕಾಶ ನೋಡಿ ಹದಿನೆಂಟು ವರ್ಷವಾಗಿತ್ತು. ಒಂದು ಮಧ್ಯಾಹ್ನ ಅವನ ಕತ್ತು ನೀವುತ್ತಾ ಪದ ಗೊಣಗಿದಳು ನೋಡಿ, ಒತ್ತಿಗೊಂದರಂತೆ ಉಚ್ಚಾರಾಂಶಗಳು ಮಣಿಯ ಹಾಗೆ ಉದುರಿದವು! ಅಂದಿನಿಂದ ದಿನಕ್ಕೆ ನಾಲ್ಕು ಸಾವಿರ ಸಲ ಅಭ್ಯಾಸ.

"ಮಾವ, ಅಲ್ಲಾಡಬೇಡಿ! ಮಾಸ್ ಆಯ್ತು, ತೋ ಬರ್ತಾ ಇದೆ."

"ನಿಧಾನ ಮಗಳೇ! ನಿನಗೆ ಫ್ರೆಂಚ್ ಬರೋ ಹೊತ್ತಿಗೆ ನನ್ನ ಪ್ರಾಣ ಹೋಗಿರುತ್ತೆ."

"ಕೊನೇದು ಒಂದೇ. ಮೂಗಿಂದ ಬರಬೇಕು. ದ್ಯಾಂ!"

ಬಂದದ್ದು ಮಾವನ ಮೂಗಿನಿಂದ. ಬೀದಿಯ ಆಚೆ ತುದಿಯಲ್ಲಿ ನಾಯಿಗಳು ಎದ್ದು ಕುಳಿತವು.

ಪರೀಕ್ಷೆಯ ಕೋಣೆಯಲ್ಲಿ ಮಾವನಿರಲಿಲ್ಲ. ಒಂದು ಮೇಜು, ಎರಡು ಕುರ್ಚಿ, ಪದಗಳ ಪಟ್ಟಿ, ಪರೀಕ್ಷೆ ನಡೆಸುವ ಮೇಡಂ. ಮೊದಲ ಪದವೇ ಆ ಹಾಳು ಪದ. ಕೈ ಖಾಲಿಯಾದದ್ದೇ ತಡ, ಬಾಯಿಗೆ ಬೀಗ ಬಿತ್ತು. ಮೇಜನ್ನು ಒತ್ತಿ ನೋಡಿದಳು. ಮರಕ್ಕೆ ಸ್ನಾಯು ಎಲ್ಲಿಂದ ಬರಬೇಕು? ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಆಗ ಅವಳ ಕಣ್ಣು ಮೇಡಂ ಕತ್ತಿನ ಮೇಲೆ ಬಿತ್ತು. ತಪ್ಪು ಹಿಡಿಯಲು ಮೂವತ್ತು ವರ್ಷ ಬಲಗಿವಿಯನ್ನೇ ಮುಂದೆ ಚಾಚಿ ಚಾಚಿ, ಅದು ಗಾಳಿಗೆ ಬಾಗಿದ ದೀಪದ ಕಂಬದಂತಾಗಿತ್ತು.

"ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಕತ್ತು ಸ್ವಲ್ಪ ಕೊಡ್ತೀರಾ?"

"ಏನಂದ್ರಿ?"

"ನೋವಿದೆ ಅಲ್ವಾ? ಒಂಬತ್ತೇ ಒತ್ತು."

ಮೇಡಂ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಮೆಲ್ಲಗೆ ಕತ್ತುಪಟ್ಟಿ ಸಡಿಲಿಸಿದರು.

ಸ್ತೆರ್. ನೋ. ಕ್ಲೇ. ಇ. ದೋ. ಮಾಸ್. ತೋ. ಇ. ದ್ಯಾಂ!

ಲಟಕ್! ಮೂರು ಮಹಡಿ ಕೆಳಗಿದ್ದ ಕಾವಲುಗಾರ ಬಾಗಿಲು ಮುರಿಯಿತೆಂದು ಓಡಿಬಂದ. ಮೇಡಂ ಕತ್ತು ನೆಟ್ಟಗೆ ನಿಂತಿತ್ತು. ಕಣ್ಣು ಮುಚ್ಚಿತ್ತು, ಮುಖದಲ್ಲಿ ಸ್ವರ್ಗ. ಕೈಬೀಸಿ ಕಾವಲುಗಾರನನ್ನು ಹೊರಗೆ ಕಳಿಸಿ, "ಮುಂದಿನದು... ಹೀಗೇ ಮುಂದುವರಿಸಿ," ಎಂದು ಉಸುರಿದರು.

ಅವಳು ಪಟ್ಟಿಯತ್ತ ಬಗ್ಗಿದಳು. ಮುಂದಿನ ಪದ ಫೆಸ್ಯೇ. ಪಿರ್ರೆಗೆ ಸಂಬಂಧಪಟ್ಟದ್ದು.

"ಎರಡೇ ಒತ್ತು ಮೇಡಂ," ಎಂದು ಅಂಗಿಯ ತೋಳು ಮೇಲಕ್ಕೆ ಮಡಚಿದಳು. "ಸ್ವಲ್ಪ ಏಳ್ತೀರಾ?"

ಮೇಡಂ ಕಣ್ಣು ಫಳಕ್ಕನೆ ತೆರೆಯಿತು. ಕುರ್ಚಿಯ ಎರಡೂ ಕೈ ಹಿಡಿದು, ಇನ್ನಷ್ಟು ಗಟ್ಟಿಯಾಗಿ ಕುಳಿತರು.

"ಬೇಡ ಬೇಡ! ಬಾಯಲ್ಲೇ ಹೇಳಿ ಸಾಕು!"

ನಗು ತಡೆಯುವ ಭರದಲ್ಲಿ ಅವಳ ಬಾಯಿಯ ಬೀಗ ಕಳಚಿ ಬಿದ್ದಿತ್ತು. "ಫೆ. ಸ್ಯೇ," ಎಂದಳು, ಕೈ ಕಟ್ಟಿಕೊಂಡೇ. ಆಮೇಲೆ ಉಳಿದ ಇಡೀ ಪಟ್ಟಿಯನ್ನೂ.