ಎರಡನೇ ದನಿ

ಗೊರಗೊರ ಅನ್ನುತ್ತಿದ್ದ ರೇಡಿಯೋ ಒಮ್ಮೆಲೇ ತಿಳಿಯಾಯಿತು, ಅಯ್ಯೋ ಶಿವನೇ, ಅದೇ, ಅದೇ ಹಾಡು — ನೀಲಾಂಬಿಕಾಳ ಕೈಯಲ್ಲಿನ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು, ಇದು ಸೊರಬ, ರೇಡಿಯೋ ಇಟ್ಟುಕೊಂಡ ಪರಿಚಯದ ಮಹೇಶ್ವರಪ್ಪನವರ ಪಡಸಾಲೆ, ಬಲಕ್ಕೆ ಅತ್ತೆ ವೀರಮ್ಮ, ಎದುರಿಗೆ ಗಂಡ ಹುಚ್ಚರಾಯಪ್ಪ, ಇರಲಿ, ಇಬ್ಬರೂ ಕೇಳಲಿ, ಕ್ರಿಸ್ಮಸ್ ಬೆಳಗ್ಗೆ ಸಿಲೋನ್ ರೇಡಿಯೋದವರು ಚರ್ಚಿನ ಹಾಡು ಹಾಕ್ತಾರೆ, ಬನ್ರೀ ಒಂದ್ಸಲ ಎಂದು ಎಷ್ಟು ಗೋಗರೆದು ಕರೆತಂದದ್ದು, ಮದುವೆಯಾದಾಗಿನಿಂದ ಅಂಟಿಕೊಂಡ ನಗೆಪಾಟಲು ಇವತ್ತಾದರೂ ಬಿಡಬೇಕು — ಅಂದು ಶಿಕಾರಿಪುರದ ಅತ್ತೆಮನೆ ತುಂಬ ಹೆಂಗಸರು, ಹೊಸ ಸೊಸೆ ಹಾಡಲಿ, ಮಂಗಳೂರಾಗೆ ನರ್ಸ್ ಕಲ್ತು ಬಂದಾಳಂತೆ, ಅಲ್ಲೀದೇ ಒಂದು ಹೇಳಲಿ, ಅವಳೂ ಪೆದ್ದಿ, ಮಿಷನ್ ಆಸ್ಪತ್ರೆಯಲ್ಲಿ ಕಲಿತ ಲ್ಯಾಟಿನ್ ಹಾಡನ್ನೇ ಕಣ್ಣುಮುಚ್ಚಿ ಹಾಡಿದಳು, ಮುಗಿದ ಮೇಲೆ ವೀರಮ್ಮನೇ, ಇದೇನವ್ವಾ, ಒಂದೇ ಕಡೆ ನಿಂತುಬಿಟ್ಟೈತಲ್ಲ, ಮುಂದಕ್ಕೆ ಹೋಗೋದೇ ಇಲ್ಲ, ತಂಬೂರಿ ನುಂಗಿದೀಯೇನೇ, ಘೊಳ್ಳೆಂದು ನಗು, ಗಂಡನೂ ಬಾಗಿಲಲ್ಲಿ ನಿಂತು ನಕ್ಕ.

ಹೇಗೆ ಹೇಳುವುದು ಇವರಿಗೆ, ಅದು ಹಾಡಲ್ಲ, ಹಾಡಿನ ಕಾಲುಭಾಗ, ನಾಲ್ಕು ದನಿ ಬೇರೆ ಬೇರೆ ಹಾದಿ ಹಿಡಿದು ಒಟ್ಟಿಗೆ ನಡೆದರೇ ಅದು ಹಾಡು, ಇನ್ನೂರು ವರ್ಷದ ಹಿಂದೆ ಆಸ್ಟ್ರಿಯಾದವನೊಬ್ಬ ಹಾಗೇ ಕಟ್ಟಿದ್ದು ಅಂದಿದ್ದರು ಕಲಿಸಿದ ಸಿಸ್ಟರ್, ಫಿಲೋಮಿನಾಗೆ ಮೇಲಿನ ದನಿ, ನೀಲಾಂಬಿಕಾ, ನಿಂದು ಎರಡನೇದು, ಯಾರ ಕಿವಿಗೂ ಬೀಳೋದಿಲ್ಲ, ಆದರೆ ನೀನು ಬಾಯಿ ಮುಚ್ಚಿದರೆ ಹಾಡೇ ಕುಸಿಯುತ್ತೆ — ಚರ್ಚಿನ ತಣ್ಣನೆ ಗೋಡೆ, ಮೇಣದ ವಾಸನೆ, ನಿನ್ನ ಸರದಿ ಬಂತು ಕಣೇ ಎಂದು ಜೊತೆಗೆ ನರ್ಸ್ ಕಲಿಯುತ್ತಿದ್ದ ಫಿಲೋಮಿನಾ ಎಡಗಡೆಯಿಂದ ಮೆಲ್ಲಗೆ ತಿವಿಯುತ್ತಿದ್ದಳು, ಬೆಚ್ಚಗಿನ ಮೊಣಕೈ, ಎಲ್ಲಿದ್ದೀಯೇ ಮಾರಾಯ್ತಿ, ಯಾವ ಊರಿನ ಆಸ್ಪತ್ರೆಯಲ್ಲಿ, ನಿನ್ನ ಪಕ್ಕ ಈಗ ಯಾರು ನಿಲ್ಲುತ್ತಾರೆ, ಇಲ್ಲಿ ಯಾರದೋ ಹೆರಿಗೆ ಮಾಡಿಸಲೆಂದು ಉಳವಿಯ ಬಸ್ಸು ಹತ್ತಿದರೂ ಗುನುಗುತ್ತೇನೆ, ಕಾಲುಭಾಗ, ಬರೀ ಕಾಲುಭಾಗ, ಉಳಿದದ್ದನ್ನು ಕೇಳಬೇಕು, ಒಮ್ಮೆಯಾದರೂ.

ಅಗೋ, ಮೇಲಿನ ದನಿ ಏರಿತು, ಗಂಡಸರ ದನಿ ತಳದಲ್ಲಿ ಹರಡಿತು, ಆದರೆ ನನ್ನದೆಲ್ಲಿ, ನನ್ನದು ಕೇಳುತ್ತಲೇ ಇಲ್ಲವಲ್ಲ, ಮೂರೇ ದನಿ, ಎರಡನೇದನ್ನು ಬಿಟ್ಟೇಬಿಟ್ಟರೇ ಈ ಸಿಲೋನಿನವರು, ಕಾದು ಕಾದು ಕೊನೆಗೆ ಇದೇ ಆಗಬೇಕಿತ್ತೇ, ಎಷ್ಟು ಕಿವಿಗೊಟ್ಟರೂ — ಮುಗಿಯಿತು, ಯಾರೋ ಇಂಗ್ಲಿಷಿನಲ್ಲಿ ಮಾತಾಡತೊಡಗಿದ, ಮಹೇಶ್ವರಪ್ಪನವರು ರೇಡಿಯೋದ ಕಿವಿ ಹಿಂಡಿ ಆರಿಸಿದರು, ನಂದು ಬರಲೇ ಇಲ್ಲ ಕಣ್ರೀ ಎಂದಳು ಗಂಡನಿಗೆ, ಅಳು ಒತ್ತರಿಸಿ ಬಂತು, ಹುಚ್ಚರಾಯಪ್ಪ ಬೆಪ್ಪಾಗಿ ನೋಡುತ್ತಿದ್ದಾನೆ, ಬರದೇ ಏನು, ನೀನೇ ಹಾಡ್ತಿದ್ಯಲ್ಲೇ, ಮೊದಲಿಂದ ಕೊನೇತನಕ, ರೇಡಿಯೋದಾಗಿಂದು ಕೇಳಬೇಕಂದ್ರೆ ನೀನು ಸುಮ್ನಿರಬೇಕಿತ್ತು, ಹೌದೇ, ನಾನೇ ಹಾಡಿದೆನೇ, ಕಾಫಿಯೆಲ್ಲ ಸೆರಗಿನ ಮೇಲೆ ಚೆಲ್ಲಿದೆ, ವೀರಮ್ಮನ ಬಾಯಿ ತೆರೆದದ್ದು ಮುಚ್ಚಿಲ್ಲ, ಯವ್ವಾ, ಇನ್ನೊಂದ್ಸಲ ಹಾಡೇ, ಆ ಉಳಿದೋರನ್ನೂ ಕರಿ ಅನ್ನುತ್ತಾರೆ ಅತ್ತೆ, ಕರಿ ಅಂತೆ, ಎಲ್ಲಿಂದ ಕರೆಯಲಿ, ಸದ್ದಡಗಿದ ಪೆಟ್ಟಿಗೆಯ ಕಡೆ ನೋಡಿ ಬಾಯಿ ತೆರೆದಳು, ಮೊದಲ ಸ್ವರ ಗಂಟಲಲ್ಲೇ ಇದೆ, ಹೊರಡುತ್ತಿಲ್ಲ, ತಿವಿಯಬೇಕು ಯಾರಾದರೂ, ಇಲ್ಲಿ, ಎಡಗಡೆ, ಮೊಣಕೈ, ಆ ಬೆಚ್ಚಗಿನ ಮೊಣಕೈ —