ಹಗೇವು ತೆಗೆಯುವವನು

ಗೋಪಾಲಪ್ಪ ಇವತ್ತೇ ಸಾಯಬೇಕಿತ್ತು. ಆದರೆ ಆಸಾಮಿ ಎಲೆಯಡಿಕೆ ಹಾಕಿಕೊಳ್ಳುವುದೇ ಮುಗಿಯಲೊಲ್ಲದು.

ತೂಬಗೆರೆ ಸುತ್ತಿನ ಊರುಗಳಲ್ಲಿ ಹಗೇವು ತೆಗೆಯುವವನು ನಾನು. ಹಗೇವೆಂದರೆ ರಾಗಿ ತುಂಬಿ ಮುಚ್ಚಿಟ್ಟ ನೆಲದ ಗುಂಡಿ; ಅದರಲ್ಲಿ ವಿಷಗಾಳಿ ಕೂತಿರುತ್ತದೆ. ಹಿಂದಿನ ದಿನವೇ ಚಪ್ಪಡಿ ಸರಿಸಿ, ಮರುದಿನ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಯುದ್ಧ ಶುರುವಾಗಿ ಸೀಮೆಎಣ್ಣೆಗೆ ಬರ ಬಂದ ಮೇಲೆ ಹಗಲಲ್ಲಿ ದೀಪ ಉರಿಸಲು ಯಾರಿಗೂ ಮನಸ್ಸಿಲ್ಲ. 'ನೆನ್ನೇನೇ ತೆಗ್ದಿದೀನಿ' ಎಂದು ನಾನು ಹೇಳಿದರೆ ಸಾಕು, ಇಳಿಯುತ್ತಾರೆ. ಮೂವರು ಹಾಗೆ ಇಳಿದರು. ಮೂವರೂ ವಾಚಾಳಿಗಳು. ಇಳಿಯುವಾಗಲೂ ಮಾತು, ಆಮೇಲೆ ಒಂದು ಕೆಮ್ಮು, ಆಮೇಲೆ ಏನೂ ಇಲ್ಲ. ಅದು ನನಗೆ ಎಷ್ಟು ಹಿತವೆಂದು ಯಾರಿಗೆ ಹೇಳಲಿ? ಊರವರು ಗಾಳಿಯನ್ನು ಬೈದು ಸುಮ್ಮನಾದರು.

ಕೊನೆಯವನು ವೆಂಕಟರಾಮಪ್ಪ. ಅವನ ಭಾವಮೈದ ಈ ಗೋಪಾಲಪ್ಪ. 'ಅಪ್ಪಯ್ಯಣ್ಣ ತೆಗ್ದಿದ್ ಹಗೇವ್ನಾಗೇ ಯಾಕ್ ಸಾಯ್ತಾರೆ?' ಎಂದು ನನ್ನ ಹೆಸರು ಹಿಡಿದೇ ಸಂತೆಯಲ್ಲೆಲ್ಲ ಕೇಳುತ್ತಿದ್ದ. ಅವನಿಗೆ ಅನುಮಾನವೇನಿಲ್ಲ, ಬರೀ ಬಾಯಿಚಪಲ. ಬುದ್ಧಿಯಿರುವವನೊಬ್ಬ ಕೇಳಿಸಿಕೊಂಡರೆ ನನಗೆ ನೇಣು. ಅದಕ್ಕೇ ಅವರ ಕಣದ ಹಗೇವನ್ನು ಅವನು ಬರುವುದಕ್ಕೆ ಸ್ವಲ್ಪ ಮುಂಚೆಯಷ್ಟೇ ತೆಗೆದು, ನೆನ್ನೆಯೇ ತೆಗೆದೆನೆಂದು ಹೇಳಿದ್ದೆ.

"ಇಳಿಯಪ್ಪಾ, ಬಿಸ್ಲೇರ್ತಾ ಐತೆ."

"ತಡಿಯಣ್ಣೋ, ಸುಣ್ಣ ಜಾಸ್ತಿಯಾಗಿ ನಾಲ್ಗೆ ಸುಟ್ಟೋಯ್ತು." ಉಗಿದು ಬಂದ. ಪಂಚೆ ಎತ್ತಿ ಕಟ್ಟಿದ. ಬಿಚ್ಚಿದ. ಮತ್ತೆ ಕಟ್ಟಿದ. "ಅಲ್ಲಾ, ಒಳಗೆ ಹಲ್ಲಿ ಇರ್ತವಾ?"

"ಅಷ್ಟು ದೊಡ್ಡ ಮೀಸೆ ಬಿಟ್ಕಂಡು ಹಲ್ಲಿಗೆ ಹೆದರ್ತೀಯೇನೋ!"

"ಮೀಸೆ ಮೇಲೇ ಬಿದ್ರೆ ದೋಸ ಅಲ್ವಾ?"

ಅಷ್ಟರಲ್ಲಿ ಅವನ ಅಕ್ಕ, ವೆಂಕಟರಾಮಪ್ಪನ ಹೆಂಡತಿ ಅಕ್ಕಯಮ್ಮ, ಮೊರ ಹಿಡಿದ ಇಬ್ಬರು ಹೆಂಗಸರೊಂದಿಗೆ ಬಂದಳು. "ನನ್ ತಮ್ಮ ಇಳಿಯಾಕಿಲ್ಲ. ನೀವೇ ಇಳೀರಣ್ಣ."

"ನಾನು ತೆಗೆಯೋನು ಕಣಮ್ಮ, ಇಳಿಯೋನಲ್ಲ."

"ನೆನ್ನೇನೇ ತೆಗ್ದಿದೀರಲ್ಲ, ನಿಮ್ಗೇನು ಭಯ?"

"ಹೂಂ ಕಣಣ್ಣ, ನಿನ್ ಮುಖ ನೋಡಿದ್ರೆ ಹಲ್ಲೀನೂ ಓಡೋಗ್ತದೆ," ಎಂದು ಗೋಪಾಲಪ್ಪ ನನ್ನ ರಟ್ಟೆ ಹಿಡಿದು ಗುಂಡಿಯತ್ತ ಎಳೆದ. ಹೆಂಗಸರು ನಕ್ಕರು. ಕಾಲು ಅಂಚಿಗೆ ತಾಗಿತು. ಬೆಚ್ಚಗಿನ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು.

"ಬಿಡೋ ಮುಂಡೇದೇ! ಈಗಿನ್ನೂ ತೆಗ್ದಿರೋದು, ಇಳಿದ್ರೆ ಸತ್ತೋಗ್ತೀನಿ!"

ನಗು ನಿಂತಿತು. ಅಕ್ಕಯಮ್ಮ ನನ್ನನ್ನೇ ನೋಡಿದಳು. "ನಮ್ಮೋರು ಇಳಿದಾಗ ಯಾವಾಗ ತೆಗ್ದಿದ್ರಿ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಗೋಪಾಲಪ್ಪ ಬಿಡಬೇಕಲ್ಲ!

"ಅವತ್ತೂ ನೆನ್ನೆ ಅಂತಾನೇ ಅಂದಿದ್ದ ಕಣಕ್ಕ. ಹಿಂದಿನ್ ದಿನ ನನ್ ಗಾಡೀಲೇ ದೊಡ್ಡಬಳ್ಳಾಪುರಕ್ಕೆ ಬಂದು, ರಾತ್ರಿ ಅಲ್ಲೇ ಉಳ್ಕಂಡಿದ್ನಪ್ಪ. ಮತ್ತೆ ಹೆಂಗೆ..."

ಮೊರ ಕೆಳಗಿಟ್ಟು ಒಬ್ಬಳು ಪಟೇಲರ ಮನೆಯತ್ತ ಓಡಿದಳು. ನನ್ನ ರಟ್ಟೆ ಇನ್ನೂ ಅವನ ಕೈಯಲ್ಲಿತ್ತು. ಹಿಡಿತ ನಿಧಾನವಾಗಿ ಬಿಗಿಯಾಯಿತು.

"ಹಂಗಾರೆ ಅಣ್ಣೋ..." ಎಂದು ಅವನು ಮತ್ತೆ ಶುರುಮಾಡಿದ.