ಕೆಂಗೇರಿಯ ಮನೆಯ ನಾಲ್ವರು

"ಬೀದಿ ತಿರುವಿನಲ್ಲಿ ಕರೆಂಟಿನವರು ನಿಲ್ಲಿಸಿರೋರು ಒಬ್ಬರಿದ್ದಾರೆ. ಅವರಿಂದ ಎಡಕ್ಕೆ ಬಂದರೆ ನಮ್ಮನೆ," ಎಂದು ಮುನಿತಾಯಮ್ಮ ದಾರಿ ಹೇಳಿದ್ದರು. ಅದನ್ನು ನಂಬಿದ ಶಂಭುಲಿಂಗಪ್ಪ, ಭಾನುವಾರದ ಬಿಸಿಲಿನಲ್ಲಿ, ಕೆಂಗೇರಿಯ ಹಳೆಯ ಪೇಟೆಯ ತಿರುವಿನಲ್ಲಿ ಲೈಟು ಕಂಬಕ್ಕೆ ಒರಗಿಕೊಂಡು ವಿದ್ಯುತ್ ಇಲಾಖೆಯ ನೌಕರನೊಬ್ಬನಿಗಾಗಿ ಕಾಯುತ್ತಿದ್ದ.

"ಕೆಲಸದ ದಿನವೇ ಕೈಗೆ ಸಿಗೋರಲ್ಲ ಅವರು, ಭಾನುವಾರ ನಿಮಗೋಸ್ಕರ ಬೀದೀಲಿ ನಿಂತಿರ್ತಾರಾ?" ಎಂದಳು ಹೆಂಡತಿ ಕೋಕಿಲಾ.

ಕೊನೆಗೆ ಎಳನೀರು ಮಾರುವವನನ್ನು ಕೇಳಿ ಮನೆ ಹುಡುಕಿದರು.

ಶಂಭುಲಿಂಗಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮನೆ ನೋಡುವುದು ಅವನ ಹವ್ಯಾಸ, ಕೊಳ್ಳುವುದಲ್ಲ. ವಿಜಯನಗರದ ಮನೆಗೆ ಗಾಳಿ ಸಾಲದು, ಬಸವೇಶ್ವರನಗರದ ನಿವೇಶನಕ್ಕೆ ಗಾಳಿ ಜಾಸ್ತಿ ಎಂದು ಎರಡನ್ನೂ ಬಿಟ್ಟಿದ್ದ. ಕೋಕಿಲಾಳಿಗೆ ಆ ಸುಖ ಇರಲಿಲ್ಲ. ಬಾಡಿಗೆ ಮನೆಯ ಒಡತಿ ಅಣ್ಣಮ್ಮನವರು ಮಿಷನ್ನುಗಳ ಸದ್ದಿನಿಂದ ತಮಗೆ ತಲೆನೋವು ಎಂದು ಅವಳ ಹೊಲಿಗೆ ಕ್ಲಾಸನ್ನು ನಿಲ್ಲಿಸಿದ್ದರು. ಮಿಷನ್ನುಗಳು ಹಳೆಯ ಸೀರೆ ಹೊದ್ದು ಮೂಲೆ ಸೇರಿದ್ದವು. ಕಲಿಯುತ್ತಿದ್ದ ಹುಡುಗಿಯರು ದಾರಿಯಲ್ಲಿ ಸಿಕ್ಕಾಗಲೆಲ್ಲ, "ಮತ್ತೆ ಯಾವಾಗ ಶುರು, ಆಂಟಿ?" ಎನ್ನುತ್ತಿದ್ದರು. ಅಣ್ಣಮ್ಮನವರು ಮನೆಯನ್ನೇ ಬಿಡಿಸಲು ಹೊರಟಾಗ ಶಂಭುಲಿಂಗಪ್ಪ ಬಾಡಿಗೆ ಕಾನೂನನ್ನು ಬಾಯಿಪಾಠ ಒಪ್ಪಿಸಿ ತಡೆದಿದ್ದ. ಆದರೆ ಆ ಕಾನೂನು ಉಳಿಸಿದ್ದು ಮನೆಯನ್ನು; ಕ್ಲಾಸನ್ನಲ್ಲ.

ಮುನಿತಾಯಮ್ಮ ಉಲ್ಲಾಳದ ಮಗಳ ಮನೆಯಿಂದ ಬೀಗದಕೈ ಸಮೇತ ಬಂದು ಜಗಲಿಯ ಮೇಲೆ ಕುಳಿತಿದ್ದರು. ಹಿಂದೆ ದೊಡ್ಡ ಬಾಗಿಲು, ಅದಕ್ಕೆ ಅಂಗೈಯಗಲದ ಬೀಗ.

"ಒಳಗೆ ಹೋಗೋಕೆ ಮುಂಚೆ ಒಂದು ಮಾತು ಹೇಳ್ಬಿಡ್ತೀನಪ್ಪ. ಮುಚ್ಚಿಟ್ಟು ಮಾರೋಳಲ್ಲ ನಾನು," ಎಂದರು. "ಒಳಗೆ ನಾಲ್ಕು ಜನ ಇದ್ದಾರೆ."

ಶಂಭುಲಿಂಗಪ್ಪ ಬೀಗವನ್ನು ನೋಡಿದ. "ಹೊರಗಡೆಯಿಂದ ಬೀಗ ಹಾಕಿದೆಯಲ್ಲಮ್ಮ?"

"ಹಾಕಿದರೇನು, ಅವರು ಎಲ್ಲಿಗೆ ಹೋಗ್ತಾರೆ? ನಮ್ಮ ಮಾವನವರ ಕಾಲದಿಂದ ಅಲ್ಲೇ ನಿಂತಿರೋರು."

"ಬಾಡಿಗೆ?"

ಮುನಿತಾಯಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅವರೆಲ್ಲಿಂದ ಕೊಡ್ತಾರಪ್ಪ ಬಾಡಿಗೆ?"

"ತೆಗೆಸೋಕಾಗಲ್ವ?"

"ಸರ್ಕಾರ ಬಿಡಲ್ಲ. ಹಳೇ ಮನೆ, ಹಾಗೇ ಉಳೀಬೇಕು ಅಂತ ಇಲಾಖೆಯವರು ತಮ್ಮ ಪಟ್ಟೀಲಿ ಸೇರಿಸಿದ್ದಾರಲ್ಲ, ಅದರಲ್ಲಿ ಈ ನಾಲ್ವರೇ ಮುಖ್ಯ. ಒಬ್ಬರನ್ನೂ ಜರುಗಿಸೋ ಹಾಗಿಲ್ಲ." ಅವರು ದನಿ ತಗ್ಗಿಸಿದರು. "ಮೂವರು ಗಟ್ಟಿ. ಅಡುಗೆಮನೆ ಕಡೆ ಇರೋರು ಮಾತ್ರ ನೋಡೋಕೆ ಚೆಂದ, ಒಳಗೆಲ್ಲ ಟೊಳ್ಳು. ರಿಪೇರಿ ಅಂತ ಕೈ ಹಾಕಿದರೆ ಮೊದಲು ಅವರ ಕಾಲಿಗೇ ಹಾಕಬೇಕು. ಅವರು ಕುಸಿದರೆ ಮನೇನೇ ಕುಸಿಯುತ್ತೆ."

ಶಂಭುಲಿಂಗಪ್ಪ ಹೆಂಡತಿಯನ್ನು ಜಗಲಿಯ ತುದಿಗೆ ಕರೆದೊಯ್ದ.

"ನಡಿ ಹೋಗೋಣ. ನಾಲ್ಕು ಜನ ಬಾಡಿಗೆದಾರರು, ಬಿಡಿಗಾಸು ಕೊಡಲ್ಲ, ಬೆನ್ನಿಗೆ ಸರ್ಕಾರ. ಅದರಲ್ಲಿ ಒಬ್ಬನ ಕಾಲಿನ ವೈದ್ಯವೂ ನಮ್ಮದೇ. ಬಾಡಿಗೆದಾರರು ಎಂಥವರು ಅಂತ ನನಗೆ ಗೊತ್ತಿಲ್ವೇನೇ?"

"ನಿಮಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ? ಅಣ್ಣಮ್ಮನವರನ್ನ ಕೇಳಿದರೂ ಅದೇ ಹೇಳ್ತಾರೆ."

"ಬೇಗ ಹೇಳಿ," ಎಂದು ಮುನಿತಾಯಮ್ಮ ಕೂಗಿದರು. "ಸಂಜೆ ಇನ್ನೊಬ್ಬರು ಬರ್ತಾರೆ. ಅವರು ನೋಡಿ ಒಪ್ಪಿ ಆಗಿದೆ. ನಾನೇ ಇನ್ನೂ ಹ್ಞೂಂ ಅಂದಿಲ್ಲ."

ಕೋಕಿಲಾ ಬೀಗದಕೈ ಇಸಿದುಕೊಂಡಳು. "ಬೇಡ ಕಣೇ," ಎಂದ ಗಂಡ ಜಗಲಿಯಲ್ಲೇ ಉಳಿದ.

ಬಾಗಿಲು ನರಳುತ್ತ ತೆರೆದುಕೊಂಡಿತು. ಒಳಗೆ ಕತ್ತಲೆ, ಅದರಾಚೆ ತೆರೆದ ತೊಟ್ಟಿಯಲ್ಲಿ ಬಿಸಿಲಿನ ಚೌಕ. ಹೆಂಚು ಅಲ್ಲಲ್ಲಿ ಒಡೆದಿತ್ತು. ಗೋಡೆಯ ಸುಣ್ಣ ಉದುರಿತ್ತು. "ಯಾರಿದ್ದೀರಿ?" ಎಂದಳು. ಉತ್ತರವಿಲ್ಲ. ಅಡುಗೆಮನೆಯ ಬದಿಯಲ್ಲಿ ಏನೋ ಪಟಪಟ ಬಡಿದುಕೊಂಡಿತು. ಪಾರಿವಾಳವೊಂದು ತೊಟ್ಟಿಯಿಂದ ಮೇಲೆ ಹಾರಿತು.

ಕೋಣೆಗಳನ್ನೆಲ್ಲ ಇಣುಕಿದಳು. ಚಾಪೆಯಿಲ್ಲ, ಒಲೆಯಲ್ಲಿ ಬೂದಿಯಿಲ್ಲ, ನರಮನುಷ್ಯರ ಸುಳಿವಿಲ್ಲ. ಹಜಾರದ ಗೋಡೆಯಲ್ಲಿ ಮಾತ್ರ ದೊಡ್ಡ ಪೇಟದ, ದೊಡ್ಡ ಮೀಸೆಯ ಹಿರಿಯರೊಬ್ಬರ ಪಟವಿತ್ತು. ಕೆಳಗೆ ಬರೆದದ್ದನ್ನು ಸೆರಗಿನಿಂದ ಒರೆಸಿ ಓದಿದಳು: ದಿವಂಗತ ಪಟೇಲ್ ಕಂಬಯ್ಯ.

ಕೋಕಿಲಾ ಮೆಲ್ಲನೆ ತಿರುಗಿ ತೊಟ್ಟಿಯ ನಾಲ್ಕು ಮೂಲೆಗಳನ್ನೂ ನೋಡಿದಳು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಅವಳಿಗಲ್ಲದೆ ಇನ್ನಾರಿಗೆ ಅದು ಹೊಳೆಯಬೇಕು? ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಕಾರ್ಡನ್ನೇ ಮುಂದೆ ತಳ್ಳುವವಳು ಅವಳು. ಮದುವೆಯಾದ ಮೇಲೆ ಅವಳ ಬಾಯಲ್ಲಿ ಶಂಭು ಎಂಬ ದೇವರು ಕೂಡ ಈಶ್ವರನೇ ಆಗಿದ್ದ.

"ರೀ," ಎಂದು ಕೂಗಿದಳು. "ಬನ್ನಿ. ಅಡುಗೆಮನೆ ಕಡೆಯವರು ನಿಮ್ಮ ಹತ್ರ ಮಾತಾಡಬೇಕಂತೆ."

ಶಂಭುಲಿಂಗಪ್ಪ ಕಾಲರು ಸರಿಮಾಡಿಕೊಂಡು ಒಳಗೆ ಬಂದ. ಬಿಸಿಲು ಕುಡಿದ ಕಣ್ಣಿಗೆ ಮೂಲೆಯಲ್ಲಿ ಎತ್ತರದ ಆಕೃತಿಯೊಂದು ಮಸುಕಾಗಿ ಕಂಡಿತು. ಅವನು ಗಂಟಲು ಸರಿಪಡಿಸಿಕೊಂಡ.

"ನೋಡಿ ಸಾರ್, ನಾನೂ ಬಾಡಿಗೆದಾರನೇ. ನಿಮ್ಮ ಕಷ್ಟ ನನಗೆ ಗೊತ್ತಾಗುತ್ತೆ. ಆದರೆ ಕಾನೂನಿನ ಪ್ರಕಾರ..."

ಸಾರ್ ಮಾತಾಡಲಿಲ್ಲ. ಕೋಕಿಲಾಳೂ ತಡೆಯಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಸಾರ್ ಅವರ ಮೈಮೇಲೆ ಬಳ್ಳಿ ಹಬ್ಬಿತು, ಹೆಗಲ ಮೇಲೆ ಗಿಳಿಗಳು ಕುಳಿತವು. ಮರದಲ್ಲಿ ಕೆತ್ತಿದ ಗಿಳಿಗಳು.

"ಕಂಬ," ಎಂದ ಶಂಭುಲಿಂಗಪ್ಪ.

ಬಾಗಿಲಲ್ಲಿ ಮುನಿತಾಯಮ್ಮ ನಿಂತುಬಿಟ್ಟರು. ಕೋಕಿಲಾ ಪಟದತ್ತ ಕಣ್ಣು ಮಾಡಿ ಗಂಡನಿಗೆ ತೋರಿಸಿದಳು.

"ನಾನು ಬಾಯಿಬಿಟ್ಟು ಹೇಳೋದು ಹೇಗಪ್ಪ?" ಎಂದರು ಮುನಿತಾಯಮ್ಮ. "ನಮ್ಮ ಯಜಮಾನರು ಹೋದ ಮೇಲೆ ಈ ಮನೇಲಿ ಆ ಹೆಸರು ಕೇಳಿದ್ದೇ ಇವತ್ತು. ಇನ್ನೊಂದು ಸಲ ಹೇಳಿ."

ಅವನು ಕೈಮುಗಿದು, "ಕಂಬಯ್ಯನವರು," ಎಂದ.

ಮುನಿತಾಯಮ್ಮ ಪಟದ ಮೇಲೆ ಉಳಿದಿದ್ದ ಧೂಳನ್ನು ಸೆರಗಿನಿಂದ ಒರೆಸಿದರು.

ಬಾಡಿಗೆದಾರರು ಮಾಯವಾಗಿದ್ದರು; ಶಂಭುಲಿಂಗಪ್ಪನ ನೆಪವೂ. ಕಂಬದ ಬುಡವನ್ನು ಬೆರಳಿನಿಂದ ತಟ್ಟಿದ. ಡೊಳ್ಳಿನಂಥ ಸದ್ದು ಬಂತು. ಗೆದ್ದಲು ನಿಜವಾಗಿಯೂ ತಿಂದಿತ್ತು.

"ಇದು ಸುಳ್ಳಲ್ಲ," ಎಂದ, ಸ್ವಲ್ಪ ಆಸೆಯಿಂದಲೇ.

"ನಾನೇ ಹೇಳಿದೆನಲ್ಲಪ್ಪ. ಕೊಳೆತ ಬುಡ ಕೊಯ್ದು, ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದರೆ ಇಲಾಖೆಯವರು ಬೇಡ ಅನ್ನಲ್ಲ, ಕೇಳಿದೀನಿ. ಕಿತ್ತು ಹಾಕಬಾರದು, ಅಷ್ಟೇ. ಸಂಜೆ ಬರೋರು ಹೇಗಾದರೂ ಮಾಡಿ ಎಲ್ಲಾ ಕೀಳಿಸ್ತೀವಿ ಅಂದ್ರು. ಅದಕ್ಕೇ ನಾನು ಹ್ಞೂಂ ಅನ್ನದೇ ಇರೋದು."

ಕೋಕಿಲಾ ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕಂಬದಿಂದ ಕಂಬಕ್ಕೆ ಮೊಳ ಹಾಕುತ್ತಿದ್ದಳು. "ಮಿಷನ್ನುಗಳು ಈ ಸಾಲಿಗೆ. ಕತ್ತರಿಸೋ ಮೇಜು ಬೆಳಕಿನ ಹತ್ತಿರ. ಅಡುಗೆಮನೆ ಕಡೆ ಏನೂ ಬೇಡ, ಕಾಲು ನೋವಿನವರ ಪಕ್ಕ ಸದ್ದು ಯಾಕೆ?" ಕ್ಲಾಸು ನಿಂತ ಮೇಲೆ ಅವಳು ಏನನ್ನಾದರೂ ಅಳೆದದ್ದನ್ನು ಶಂಭುಲಿಂಗಪ್ಪ ಕಂಡಿರಲಿಲ್ಲ. ಹುಳುಕನ್ನೇ ಮೊದಲು ಹೇಳಿ ಮನೆ ಮಾರುವವರನ್ನಂತೂ, ಅಷ್ಟೊಂದು ಮನೆ ನೋಡಿದವನು, ಎಲ್ಲೂ ಕಂಡಿರಲಿಲ್ಲ. ಅವನು ಮತ್ತೊಮ್ಮೆ ಕಂಬವನ್ನು ತಟ್ಟಲು ಕೈಯೆತ್ತಿದವನು, ತಟ್ಟದೆ, ಮೆಲ್ಲಗೆ ಸವರಿದ.

"ಸಂಜೆ ಬರೋರಿಗೆ ಆಗಲ್ಲ ಅಂತ ಹೇಳಿಬಿಡಿ, ಅಮ್ಮ," ಎಂದ. "ಇವರ ಕಾಲಿಗೆ ಏನು ಬೇಕೋ ನಾವೇ ಮಾಡಿಸ್ತೀವಿ."

ಹಿಂದಿರುಗುವಾಗ ತಿರುವಿನಲ್ಲಿ ಅವನು ಅಭ್ಯಾಸಬಲದಿಂದ ಲೈಟು ಕಂಬಕ್ಕೆ ಒರಗಿ, ಬಸ್ಸಿನ ಚಿಲ್ಲರೆಗಾಗಿ ಜೇಬು ತಡಕಿದ.

"ಈ ಕಡೆ ಬನ್ನಿ," ಎಂದಳು ಕೋಕಿಲಾ. "ಊರಿನ ಹಿರಿಯರ ಮೇಲೆ ಹಾಗೆಲ್ಲ ಒರಗಬಾರದು."

ಶಂಭುಲಿಂಗಪ್ಪ ನೆಟ್ಟಗೆ ನಿಂತ.